ಲ್ಯಾಬಿನಲ್ಲಿ ಬೆಳೆಸಿದ ಸ್ನಾಯುವನ್ನು ಡುಶೆನ್ ಇರುವ ಮಗುವಿಗೆ ಹಾಕಬಹುದಾ?

ಅಕ್ಕನ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರಫಿ (ಸ್ನಾಯುಗಳು ಕ್ರಮೇಣ ಶಕ್ತಿ ಕಳೆದುಕೊಳ್ಳುವ ಜೀನ್ ದೋಷದ ಕಾಯಿಲೆ) ಇದೆ, ಲ್ಯಾಬಿನಲ್ಲಿ ಮನುಷ್ಯರ ಸ್ನಾಯು ಬೆಳೆಸಿದ್ದಾರಂತೆ, ಅದನ್ನು ಅವನಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಆಗುವುದಿಲ್ಲ. ಅದನ್ನು ಬೆಳೆಸುವುದೇ ರೋಗ ಅರ್ಥ ಮಾಡಿಕೊಳ್ಳಲು, ಔಷಧಿ ಪರೀಕ್ಷಿಸಲು. ನಾನು ಡಾಕ್ಟರ್ ಅಲ್ಲ, ಸ್ನಾಯುವಿನ ಜೀವಕೋಶ ಬೆಳೆಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ.

ಔಷಧಿ ಪರೀಕ್ಷಿಸಲು ಇಲಿ ಇರುವಾಗ ಇದೆಲ್ಲ ಯಾಕೆ ಅನ್ನಿಸಬಹುದು. ಡುಶೆನ್‌ನಲ್ಲಿ ಸ್ನಾಯುವಿನ ನಾರನ್ನು ಘಾಸಿಯಾಗದಂತೆ ಕಾಪಾಡುವ ಡಿಸ್ಟ್ರೋಫಿನ್ ಅನ್ನುವ ಪ್ರೋಟೀನ್ ತಯಾರಾಗುವುದಿಲ್ಲ. ಅದೇ ಪ್ರೋಟೀನ್ ಇಲ್ಲದ ಎಂಡಿಎಕ್ಸ್ ಇಲಿ ಮಾತ್ರ ಹೆಚ್ಚುಕಡಿಮೆ ಆರಾಮಾಗಿ ಓಡಾಡಿಕೊಂಡಿರುತ್ತದೆ! ಮಕ್ಕಳಿಗೆ ಚಿಕಿತ್ಸೆ ಸಿಗದಿದ್ದರೆ 12 ವರ್ಷದ ಹೊತ್ತಿಗೆ ನಡಿಗೆಯೇ ನಿಲ್ಲುತ್ತದೆ. ಇಲಿಯಲ್ಲಿ ಗೆದ್ದ ಔಷಧಿ ಮನುಷ್ಯರಲ್ಲಿ ಸೋತರೆ ಆಶ್ಚರ್ಯವಿಲ್ಲ ಅಲ್ವಾ?

ಅದಕ್ಕೇ ಮನುಷ್ಯರದೇ ಜೀವಕೋಶ ಬೇಕು. ಸ್ನಾಯುವಿನ ಸಣ್ಣ ಚೂರಿನಿಂದ ತೆಗೆದು ಬೆಳೆಸಬಹುದು. ಇಲ್ಲವೇ ರೋಗಿಯ ಚರ್ಮ ಅಥವಾ ರಕ್ತದ ಜೀವಕೋಶವನ್ನು ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಜೀವಕೋಶವಾಗಬಲ್ಲ ಮೂಲ ಜೀವಕೋಶ) ಆಗಿ ಬದಲಿಸಿ, ಅದರಿಂದ ಸ್ನಾಯು ಮಾಡಬಹುದು. ಇವನ್ನು ಜೆಲ್‌ನಲ್ಲಿ ಕಲಸಿ ಎರಡು ಪುಟ್ಟ ಕಂಬಗಳ ನಡುವೆ ಸುರಿಯುತ್ತೇವೆ. ಜೆಲ್ ಕುಗ್ಗುತ್ತಾ ಬಿಗಿಯಾಗುತ್ತದೆ. ಆ ಎಳೆತದ ದಿಕ್ಕಿನಲ್ಲೇ ಜೀವಕೋಶಗಳು ಸಾಲಾಗಿ, ಒಂದಕ್ಕೊಂದು ಬೆಸೆದು ಉದ್ದನೆಯ ನಾರುಗಳಾಗುತ್ತವೆ. ಸಣ್ಣಗೆ ಕರೆಂಟ್ ಕೊಟ್ಟರೆ ಸ್ನಾಯು ಸೆಟೆಯುತ್ತದೆ, ಕಂಬ ಬಾಗುತ್ತದೆ. ಎಷ್ಟು ಬಾಗಿತು ಅನ್ನುವುದರಿಂದ ಎಷ್ಟು ಬಲ ಅಂತ ಲೆಕ್ಕ ಹಾಕುತ್ತೇವೆ. ನನಗೆ ಇಡೀ ಕೆಲಸದ ಜೀವಾಳ ಈ ಅಳತೆಯೇ. ಡಿಸ್ಟ್ರೋಫಿನ್ ಇಲ್ಲದ ನಾರು ಘಾಸಿಗೊಳ್ಳುವುದು ಮುಖ್ಯವಾಗಿ ದುಡಿಯುವಾಗ. ಬರೀ ತಟ್ಟೆಯ ತಳಕ್ಕೆ ಅಂಟಿಕೊಂಡ ಜೀವಕೋಶ ಅದನ್ನು ಸರಿಯಾಗಿ ತೋರಿಸುವುದಿಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ನೆನಾದ್ ಬುರ್ಸಾಕ್ ತಂಡ 2015ರಲ್ಲಿ ಹೀಗೆ ಸೆಟೆಯುವ ಮಾನವ ಸ್ನಾಯು ಬೆಳೆಸಿ, ಅದರ ಮೇಲೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್‌ನಂಥ ಮಾತ್ರೆಗಳನ್ನೂ ಪರೀಕ್ಷಿಸಿತು. 2018ರಲ್ಲಿ ಸ್ಟೆಮ್ ಸೆಲ್‌ನಿಂದಲೂ ಸ್ನಾಯು ಮಾಡಿ ತೋರಿಸಿತು.

ಕೊರತೆಗಳೂ ಇವೆ. ಈ ಸ್ನಾಯುವಿನಲ್ಲಿ ರಕ್ತನಾಳ ಇರುವುದಿಲ್ಲ. ದಪ್ಪಗೆ ಬೆಳೆಸಿದರೆ ಒಳಗಿನ ಜೀವಕೋಶಗಳು ಆಮ್ಲಜನಕ ಸಿಗದೆ ಸಾಯುತ್ತವೆ. ಬಲದಲ್ಲೂ ಇದು ಎಳೆಯ ಸ್ನಾಯು, ದೊಡ್ಡವರ ಸ್ನಾಯುವಿಗೆ ಸಮವಲ್ಲ. ಡುಶೆನ್‌ನಲ್ಲಿ ಉರಿಯೂತದ ಪಾತ್ರ ದೊಡ್ಡದು. ಆದರೆ ರೋಗನಿರೋಧಕ ಜೀವಕೋಶಗಳನ್ನು ಬೇರೆಯಾಗಿ ಸೇರಿಸದಿದ್ದರೆ ಇಲ್ಲಿ ಅದೂ ಕಾಣುವುದಿಲ್ಲ.

ಹುಡುಗನ ಜೀನ್ ಪರೀಕ್ಷೆಯ ವರದಿ ಜೋಪಾನವಾಗಿಡಿ. ಡಿಸ್ಟ್ರೋಫಿನ್ ಜೀನಿನಲ್ಲಿ 79 ಎಕ್ಸಾನ್‌ಗಳಿವೆ (ಪ್ರೋಟೀನಿನ ಸೂಚನೆ ಇರುವ ತುಂಡುಗಳು), ಯಾವುದು ಕೆಟ್ಟಿದೆ ಅನ್ನುವುದರ ಮೇಲೆ ಕೆಲವು ಔಷಧಿಗಳು ನಿಂತಿವೆ. ಯಾರಾದರೂ ದುಡ್ಡು ಕಟ್ಟಿಸಿಕೊಂಡು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಿಯಮದ ಪ್ರಕಾರ ಈ ಕಾಯಿಲೆಗೆ ಅದನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು.