ಮೌತ್ ಆರ್ಗನ್: ಮೇಲಿನ ಸ್ವರ ಯಾಕೆ ಬಗ್ಗುವುದಿಲ್ಲ?

ಪ್ರಶ್ನೆ: ಹತ್ತು ತೂತಿನ ಡಯಾಟೋನಿಕ್ ಮೌತ್ ಆರ್ಗನ್ ನುಡಿಸುತ್ತೇನೆ, ಸಿ ಕೀ. ಕೆಳಗಿನ ತೂತುಗಳಲ್ಲಿ ಉಸಿರೆಳೆದು ಬೆಂಡ್ ಮಾಡಲು, ಅಂದರೆ ಸ್ವರವನ್ನು ಬಗ್ಗಿಸಿ ಇಳಿಸಲು, ಬರುತ್ತದೆ, 6ನೇ ತೂತಿನಲ್ಲೂ ಹೆಚ್ಚುಕಮ್ಮಿ ಬರುತ್ತದೆ. 8, 9, 10ರಲ್ಲಿ ಮಾತ್ರ ಎಷ್ಟು ಒದ್ದಾಡಿದರೂ ಆಗುವುದಿಲ್ಲ. ಸ್ವರ ಇದ್ದಲ್ಲೇ ಇರುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ದೋಷ ವಾದ್ಯದ್ದಾ, ನನ್ನದಾ?

ಉತ್ತರ: ಮೊದಲು ಇದನ್ನು ಹೇಳಿ, 8ನೇ ತೂತಿನಲ್ಲೂ ಉಸಿರೆಳೆದೇ ಬೆಂಡ್ ಮಾಡಲು ನೋಡುತ್ತಿದ್ದೀರಾ? ಹಾಗಿದ್ದರೆ ಜನ್ಮಪೂರ್ತಿ ಎಳೆದರೂ ಅದು ಬಗ್ಗುವುದಿಲ್ಲ. ಮೇಲಿನ ತೂತುಗಳಲ್ಲಿ ಊದಿ ಬೆಂಡ್ ಮಾಡಬೇಕು.

ಕಾರಣ ಸರಳ. ಒಂದೊಂದು ತೂತಿನ ಹಿಂದೆಯೂ ಎರಡು ರೀಡ್ (ಅದುರಿ ಸ್ವರ ಹೊರಡಿಸುವ ತೆಳು ಲೋಹದ ಪಟ್ಟಿ) ಇರುತ್ತವೆ. ಒಂದು ಊದುವುದಕ್ಕೆ, ಇನ್ನೊಂದು ಎಳೆಯುವುದಕ್ಕೆ. ಎರಡರಲ್ಲಿ ಯಾವ ಸ್ವರ ಎತ್ತರವೋ ಅದನ್ನು ಇನ್ನೊಂದರ ಕಡೆಗೆ ಇಳಿಸುವುದೇ ಬೆಂಡ್. 1ರಿಂದ 6ರವರೆಗೆ ಎಳೆಯುವ ಸ್ವರ ಎತ್ತರದಲ್ಲಿದೆ. 7ರಿಂದ ಮುಂದಕ್ಕೆ ಲೆಕ್ಕ ತಲೆಕೆಳಗು, ಅಲ್ಲಿ ಊದುವ ಸ್ವರವೇ ಎತ್ತರ. ನೀವು ಊದುವಾಗ ಎಳೆಯುವ ರೀಡ್ ಕೂಡ ಸುಮ್ನೆ ಕೂತಿರುವುದಿಲ್ಲ. ಸ್ವರ ಇಳಿಯುತ್ತಾ ಹೋದಂತೆ ಕೆಲಸವನ್ನು ಅದೇ ವಹಿಸಿಕೊಳ್ಳುತ್ತದೆ. ಎರಡೂ ರೀಡ್ ಒಂದೇ ಗೂಡಿನಲ್ಲಿ ಇರಬೇಕು ಎನ್ನುವುದು ಇದಕ್ಕೇ. ನಿಮ್ಮದು ಡಯಾಟೋನಿಕ್, ಸರಿ. ಆದರೆ ಇದನ್ನು ಓದುವ ಬೇರೆಯವರ ಕೈಯಲ್ಲಿ ಎರಡು ಸಾಲು ತೂತುಗಳ ಟ್ರೆಮೊಲೊ ಮೌತ್ ಆರ್ಗನ್ ಇದ್ದರೆ, ಅದರಲ್ಲಿ ಒಂದೊಂದು ರೀಡಿಗೂ ಒಂದೊಂದು ಗೂಡು. ಹಾಗಾಗಿ ಅದರಲ್ಲಿ ಈ ಬೆಂಡ್ ಬರುವುದಿಲ್ಲ.

ಎಷ್ಟು ಬಗ್ಗಬೇಕು ಎನ್ನುವುದೂ ಗೊತ್ತಿರಲಿ. ಸಿ ಕೀಯಲ್ಲಿ 8ನೇ ತೂತು ಊದಿದರೆ ಇ, ಎಳೆದರೆ ಡಿ. ನಡುವೆ ಇರುವುದು ಇ ಫ್ಲ್ಯಾಟ್ ಒಂದೇ, ಸಿಗುವುದೂ ಅದೊಂದೇ. 9ರಲ್ಲಿ ಜಿಯಿಂದ ಎಫ್ ಶಾರ್ಪ್. 10ರಲ್ಲಿ ಎರಡು ಸಿಗುತ್ತವೆ, ಸಿಯಿಂದ ಬಿ, ಆಮೇಲೆ ಬಿ ಫ್ಲ್ಯಾಟ್. ಸಂಗೀತ ಪಾಠ ಆಗಿದ್ದವರಿಗೆ ಹೀಗೆ ಹೇಳಬಹುದು: ಸಿಯನ್ನು ಷಡ್ಜ ಮಾಡಿಕೊಂಡರೆ 8ರಲ್ಲಿ ಅಂತರ ಗಾಂಧಾರದಿಂದ ಸಾಧಾರಣ ಗಾಂಧಾರಕ್ಕೆ, 9ರಲ್ಲಿ ಪಂಚಮದಿಂದ ಪ್ರತಿ ಮಧ್ಯಮಕ್ಕೆ, 10ರಲ್ಲಿ ತಾರ ಷಡ್ಜದಿಂದ ಕಾಕಲಿ ನಿಷಾದಕ್ಕೆ, ಅಲ್ಲಿಂದ ಕೈಶಿಕಿ ನಿಷಾದಕ್ಕೆ. 7ನೇ ತೂತನ್ನು ಬಿಟ್ಟುಬಿಡಿ. ಅಲ್ಲಿ ಎರಡು ರೀಡ್‌ಗಳ ನಡುವೆ ಅರ್ಧ ಸ್ವರದ ಅಂತರವಷ್ಟೇ ಇದೆ, ಸ್ವರ ಒಂಚೂರು ಓಲಾಡಬಹುದು ಅಷ್ಟೇ.

ಈಗ ನಿಜವಾದ ತೊಂದರೆಗೆ ಬರೋಣ. 2ನೇ ತೂತು ಎಳೆದಾಗ ಬರುವ ಜಿ ಸುಮಾರು 392 ಹರ್ಟ್ಸ್. 10ನೇ ತೂತು ಊದಿದಾಗ ಬರುವ ಸಿ ಸುಮಾರು 2093. ಐದು ಪಟ್ಟಿಗೂ ಜಾಸ್ತಿ! ಬೆಂಡ್ ಆಗಬೇಕಾದರೆ ಬಾಯೊಳಗಿನ ಗಾಳಿ ಆ ಸ್ವರದ ಹತ್ತಿರಕ್ಕೇ ಅನುರಣಿಸಬೇಕು. ಬಾಟಲಿಯ ಬಾಯಿಗೆ ಊದಿದಾಗ ಖಾಲಿ ಜಾಗ ಕಡಿಮೆ ಇದ್ದಷ್ಟೂ ಸ್ವರ ಏರುತ್ತದಲ್ವಾ, ಹಾಗೇ ಇದು. 2ನೇ ತೂತಿಗೆ ನೀವು ನಾಲಿಗೆಯನ್ನು ಹಿಂದಕ್ಕೆಳೆದು ಬಾಯೊಳಗೆ ದೊಡ್ಡ ಜಾಗ ಮಾಡಿಕೊಳ್ಳುತ್ತೀರಿ. ಅದೇ ಬಾಯನ್ನು 8ಕ್ಕೆ ಒಯ್ದರೆ ಸ್ವರ ಸತ್ತುಹೋಗುತ್ತದೆ. ಇಲ್ಲಿ ಬೇಕಾದ ಜಾಗ ತೀರಾ ಚಿಕ್ಕದು, ಅದೂ ನಾಲಿಗೆಯ ಮುಂಭಾಗದಲ್ಲಿ. ಕೆಳಗಿನ ಬೆಂಡ್ ಚೆನ್ನಾಗಿ ಕಲಿತವರೇ ಮೇಲೆ ಜಾಸ್ತಿ ಒದ್ದಾಡುವುದು ಇದರಿಂದಲೇ. ಅಭ್ಯಾಸವಾದ ದೊಡ್ಡ ಚಲನೆಯನ್ನು ಬಿಡುವುದು ಕಷ್ಟ.

ನನ್ನ ಮೊದಲ ಸಲಹೆ: ಸದ್ಯಕ್ಕೆ ಸಿ ಕೀಯಲ್ಲಿ ಈ ಅಭ್ಯಾಸ ನಿಲ್ಲಿಸಿ, ಜಿ ಕೀಯ ಮೌತ್ ಆರ್ಗನ್ ತೆಗೆದುಕೊಳ್ಳಿ. ಅದರ 8ನೇ ತೂತಿನ ಊದುವ ಸ್ವರ ಸುಮಾರು 988 ಹರ್ಟ್ಸ್. ನಿಮ್ಮ ಸಿ ಕೀಯ 6ನೇ ತೂತಿನ ಎಳೆಯುವ ಸ್ವರ 880. ಎರಡೂ ಅಕ್ಕಪಕ್ಕದವೇ. ಅಂದರೆ 6ರ ಬೆಂಡ್ ಬರುತ್ತದೆ ಎಂದಾದರೆ ನಾಲಿಗೆಗೆ ಈ ಜಾಗ ಆಗಲೇ ಗೊತ್ತಿದೆ. ಸಿ ಕೀಯಲ್ಲಿ 6ನ್ನು ಎಳೆದು ಬಗ್ಗಿಸಿ, ಹಾಗೇ ಹಿಡಿದುಕೊಳ್ಳಿ. ನಾಲಿಗೆ ಎಲ್ಲಿದೆ ಎಂದು ಗಮನಿಸಿ. ತಕ್ಷಣ ಜಿ ಕೀ ಎತ್ತಿಕೊಂಡು, ಬಾಯಿ ಬದಲಿಸದೆ 8ಕ್ಕೆ ಊದಿ. ಬದಲಾಗಿದ್ದು ಉಸಿರಿನ ದಿಕ್ಕು ಮಾತ್ರ. ಸ್ವರ ಇಳಿಯದಿದ್ದರೆ ನಾಲಿಗೆಯನ್ನು ಕೂದಲೆಳೆಯಷ್ಟು ಮುಂದೆ ತನ್ನಿ. ಇಲ್ಲಿ ಹುಡುಕಾಟವೆಲ್ಲ ಮಿಲಿಮೀಟರುಗಳಲ್ಲೇ.

ಇನ್ನೊಂದು ದಾರಿ ಶಿಳ್ಳೆ. ಶಿಳ್ಳೆ ಹೊಡೆಯಲು ಬರುತ್ತದಾದರೆ ಅರ್ಧ ಕೆಲಸ ಆದ ಹಾಗೆ. ಶಿಳ್ಳೆಯ ಸ್ವರವನ್ನು ತೀರ್ಮಾನಿಸುವುದೂ ಬಾಯೊಳಗಿನ ಜಾಗವೇ, ಈ ತೂತುಗಳ ಸ್ವರಗಳೂ ಶಿಳ್ಳೆಗೆ ಎಟುಕುವಂಥವೇ. ಮೊದಲು 8ನೇ ತೂತನ್ನು ಸಾದಾ ಊದಿ ಕೇಳಿಸಿಕೊಳ್ಳಿ. ಅದೇ ಎತ್ತರದಲ್ಲಿ ಶಿಳ್ಳೆ ಹೊಡೆದು, ನಿಧಾನಕ್ಕೆ ಅರ್ಧ ಸ್ವರ ಇಳಿಸಿ. ಆಗ ನಾಲಿಗೆ ಮಾಡಿದ ಸಣ್ಣ ಚಲನೆಯನ್ನೇ ಮೌತ್ ಆರ್ಗನ್ ಹಿಡಿದು ಮಾಡಿ. ಶಿಳ್ಳೆ ಬಾರದವರು 'ಈ' ಎಂದು ಪಿಸುಗುಟ್ಟಲಿ. ನಾಲಿಗೆಯ ತುದಿ ಕೆಳಹಲ್ಲಿನ ಹಿಂದೆ, ನಡುಭಾಗ ಅಂಗುಳದ ಹತ್ತಿರ, ಅಂಚುಗಳು ಮೇಲಿನ ದವಡೆಹಲ್ಲಿಗೆ ತಾಗಿರುತ್ತವೆ. ಅಲ್ಲಿಂದ ಸಂದನ್ನು ಇನ್ನಷ್ಟು ಕಿರಿದು ಮಾಡಿ, ಗಾಳಿ 'ಹ್ಯ್' ಎಂದು ಸೀಳಿ ಹೋಗುವಂತೆ ಊದಿ. ಕೆಲವರಿಗೆ 'ಈ'ಯಿಂದ 'ಯು' ಕಡೆಗೆ ಜಾರಿದಾಗ ಸಿಗುತ್ತದೆ. ಯಾವುದು ನಿಮಗೆ ಕೆಲಸ ಮಾಡುತ್ತದೋ ಅದೇ ಸರಿ.

ತುಟಿ ಬಿಗಿಯುವುದು ಬೇಡ. ವಾದ್ಯ ಬಾಯೊಳಗೆ ಚೆನ್ನಾಗಿ ಹೋಗಿರಲಿ, ಒಂದೇ ತೂತಿನ ಸ್ವರ ಕೇಳಿಸಲಿ, ಮೂಗಿನಿಂದ ಗಾಳಿ ಸೋರದಿರಲಿ. ಕೈಯ ಪಾತ್ರ ಇಲ್ಲಿ ಏನೂ ಇಲ್ಲ. ಮೇಲಿನ ಊದು ಬೆಂಡ್‌ಗಳಿಗೇ ಹೆಸರಾದ, ಅಮೆರಿಕದ ಬ್ಲೂಸ್ ಶೈಲಿಯ ಗಾಯಕ ಜಿಮ್ಮಿ ರೀಡ್ ಮೌತ್ ಆರ್ಗನ್ನನ್ನು ಕುತ್ತಿಗೆಗೆ ತೂಗುವ ಸ್ಟ್ಯಾಂಡಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಗಿಟಾರ್ ನುಡಿಸುತ್ತಿದ್ದರು.

ಜಿ ಕೀಯಲ್ಲಿ 8 ಪಳಗಿದ ಮೇಲೆ 9. ಆಮೇಲೆ ಎ ಕೀ, ಬಿ ಫ್ಲ್ಯಾಟ್ ಕೀ, ಕೊನೆಗೆ ಸಿ. ಫೋನಿನಲ್ಲಿ ಟ್ಯೂನರ್ ಆ್ಯಪ್ ಇಟ್ಟುಕೊಳ್ಳಿ, ಯಾಕೆಂದರೆ ಸ್ವರ ಕಾಲು ಭಾಗ ಇಳಿದರೂ ಕಿವಿಗೆ 'ಬಂತು!' ಅನಿಸಿಬಿಡುತ್ತದೆ.

ಪ್ರಶ್ನೆ: 8 ಮತ್ತು 9 ಬಂದಿವೆ. 10ರಲ್ಲಿ ಮಾತ್ರ ಸ್ವರ ಒಂದೇ ಏಟಿಗೆ ಕೆಳಗೆ ಬೀಳುತ್ತದೆ. ನಡುವಿನ ಸ್ವರದಲ್ಲಿ ನಿಲ್ಲುವುದಿಲ್ಲ. ಅದು ಅಷ್ಟು ಮುಖ್ಯವಾ?

ಉತ್ತರ: ಬ್ಲೂಸ್ ಮಾತ್ರ ನುಡಿಸುವವರಿಗೆ ಅಷ್ಟೇನೂ ಮುಖ್ಯವಲ್ಲ, ಅವರಿಗೆ ಬೇಕಾದದ್ದು ಕೆಳಗಿನ ಬಿ ಫ್ಲ್ಯಾಟೇ. ಹಾಡಿನ ಧಾಟಿ ನುಡಿಸುವವರಿಗೆ ಬೇಕೇ ಬೇಕು. ಸಿ ಕೀಯ ಅತಿ ಮೇಲಿನ ಸ್ಥಾಯಿಯನ್ನು ನೋಡಿ: ಸಿ, ಡಿ, ಇ, ಎಫ್, ಜಿ, ಎ ಎಲ್ಲ ಇವೆ, ಬಿ ಇಲ್ಲ. ಆ ಕಾಕಲಿ ನಿಷಾದ ಸಿಗುವುದು 10ನೇ ತೂತಿನ ಅರ್ಧ ಬೆಂಡ್‌ನಲ್ಲೇ.

ಮೇಲಿಂದ ಇಳಿಯುತ್ತಾ ಅದನ್ನು ಹಿಡಿಯುವುದು ಕಷ್ಟ. ಮೊದಲು ಪೂರ್ತಿ ಕೆಳಗಿಳಿಸಿ, ಅಲ್ಲಿ ಸ್ಥಿರವಾಗಿ ನಿಲ್ಲಿಸಿ, ನಾಲಿಗೆಯನ್ನು ನಿಧಾನಕ್ಕೆ ಸಡಿಲ ಮಾಡುತ್ತಾ ಮೇಲಕ್ಕೆ ಬನ್ನಿ. ದಾರಿಯಲ್ಲಿ ಬಿ ಸಿಗುತ್ತದೆ. ಇದನ್ನೂ ಜಿ ಕೀಯಲ್ಲೇ ಶುರು ಮಾಡಿ. ಅದರ 10ನೇ ತೂತಿನ ಸ್ವರ ಸಿ ಕೀಯ 9ನೇ ತೂತಿನ ಸ್ವರವೇ, ಸುಮಾರು 1568 ಹರ್ಟ್ಸ್. ನಿಮ್ಮ ಬಾಯಿಗೆ ಅದು ಹೊಸದೇನಲ್ಲ.

ಪ್ರಶ್ನೆ: ಜೋರಾಗಿ ಊದಿದರೆ ಕೀರಲು ಸದ್ದು ಬರುತ್ತದೆ. ರೀಡ್ ಹಾಳಾಗುತ್ತದಾ?

ಉತ್ತರ: ಹಾಳಾಗುತ್ತದೆ. ಮೇಲಿನ ರೀಡ್‌ಗಳು ತುಂಬಾ ಚಿಕ್ಕವು. ಬಲವಂತ ಮಾಡುತ್ತಾ ಹೋದರೆ ಲೋಹ ದಣಿದು ಶ್ರುತಿ ಕೆಳಗಿಳಿಯುತ್ತದೆ, ಕೊನೆಗೆ ಬಿರುಕು ಬಿಡುತ್ತದೆ. ಕೀರಲು ಬಂದರೆ ನಾಲಿಗೆಯ ಜಾಗ ತಪ್ಪಿದೆ ಅಥವಾ ಉಸಿರು ಜಾಸ್ತಿಯಾಗಿದೆ ಎಂದರ್ಥ. ಊದುವುದನ್ನು ಅರ್ಧಕ್ಕೆ ಇಳಿಸಿ ನೋಡಿ.

ಮೆಲ್ಲಗೆ ಊದಿದರೂ ಒಂದೇ ತೂತು ಹಟ ಮಾಡುತ್ತಿದ್ದರೆ ಕವರ್ ಬಿಚ್ಚಿ ನೋಡಿ. ರೀಡಿನ ತುದಿಗೂ ತಟ್ಟೆಗೂ ನಡುವಿನ ಸಂದು ಹೆಚ್ಚುಕಮ್ಮಿ ರೀಡಿನ ದಪ್ಪದಷ್ಟೇ ಇರಬೇಕು. ಜಾಸ್ತಿ ಇದ್ದರೆ ಗಾಳಿ ವ್ಯರ್ಥವಾಗುತ್ತದೆ, ತೀರಾ ಕಡಿಮೆ ಇದ್ದರೆ ರೀಡ್ ಅದುರುವುದೇ ಇಲ್ಲ. ಆ ತೂತಿನ ಎರಡೂ ರೀಡ್ ನೋಡಬೇಕು. ಸರಿಪಡಿಸುವಾಗ ಸೂಜಿಯಿಂದ ಮೆಲ್ಲಗೆ ಒತ್ತಿ, ಪ್ರತಿ ಸಲವೂ ಊದಿ ಪರೀಕ್ಷಿಸಿ. ಮೊದಲ ಸಲ ಈ ಕೆಲಸವನ್ನು ಹಳೆಯ ಮೌತ್ ಆರ್ಗನ್ ಮೇಲೆ ಮಾಡಿ.