ಓದುಗರ ಪ್ರಶ್ನೆ: ‘ಮಿಸ್, ಮುಗೀತು!’ ಎನ್ನುವ ಮಕ್ಕಳು ಮತ್ತು ಕಲಿಕಾ ಮೂಲೆಗಳು

ಪ್ರಶ್ನೆ: ಒಂದು ಮತ್ತು ಎರಡನೇ ತರಗತಿಯ 22 ಮಕ್ಕಳನ್ನು ನಾಲ್ಕು ಗುಂಪು ಮಾಡಿ ನಾಲ್ಕು ಮೂಲೆಗಳಲ್ಲಿ ಕೂರಿಸುತ್ತೇನೆ. ಒಂದು ಗುಂಪಿನ ಜೊತೆ ನಾನು ಕೂತರೆ ಸಾಕು, ಉಳಿದ ಕಡೆಯಿಂದ ‘ಮಿಸ್, ಮುಗೀತು’, ‘ಮಿಸ್, ಇವ್ನು ಕೊಡ್ತಿಲ್ಲ’ ಎಂದು ಒಬ್ಬರಾದ ಮೇಲೊಬ್ಬರು ಎದ್ದು ಬರುತ್ತಾರೆ. ಗುಂಪು ಬಿಟ್ಟು ಬೋರ್ಡಿನ ಪಾಠಕ್ಕೇ ಮರಳಲೇ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ದಯವಿಟ್ಟು ಮರಳಬೇಡಿ. ಉಳಿದ ಮೂರು ಮೂಲೆಗಳಲ್ಲಿ ಏನಿಟ್ಟಿದ್ದೀರಿ ಎಂದು ಮೊದಲು ನೋಡಿ. ಅಂದೇ ಹೇಳಿಕೊಟ್ಟ ಪಾಠದ ಅಭ್ಯಾಸ ಅಲ್ಲಿದ್ದರೆ ಮಕ್ಕಳು ಎದ್ದು ಬರಲೇಬೇಕಾಗುತ್ತದೆ, ಅದು ಅವರಿಗಿನ್ನೂ ಗೊತ್ತಿಲ್ಲ. ಹೊಸದು ಏನಿದ್ದರೂ ನಿಮ್ಮ ಚಾಪೆಯ ಮೇಲೆ ಮಾತ್ರ ಇರಲಿ. ಬೇರೆ ಮೂಲೆಗಳಿಗೆ ಹೋಗಬೇಕಾದ್ದು ಹಿಂದಿನ ವಾರ ನಿಮ್ಮೆದುರೇ ಮಾಡಿ ಕೈ ಕುದುರಿದ ಕೆಲಸ.

‘ಮುಗೀತು’ ಎಂಬ ಮಾತು ಬರುವುದು ಕೆಲಸಕ್ಕೆ ಕೊನೆ ಇರುವುದರಿಂದ. ಚಿತ್ರಕ್ಕೆ ಬಣ್ಣ ಹಚ್ಚುವುದು ಐದು ನಿಮಿಷದಲ್ಲಿ ಮುಗಿಯುತ್ತದೆ. ಮುಗಿಯದ ಕೆಲಸ ಬೇಕು. ಗಣಿತದ ಮೂಲೆಗೆ ಇದನ್ನು ಮಾಡಿ ನೋಡಿ: 10 ಹುಣಸೆ ಬೀಜಗಳನ್ನು ಒಂದು ಮಗ್ಗುಲು ಮಾತ್ರ ಒರಟು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಚೌಕಾಬಾರ ಆಟದ ಬೀಜ ಉಜ್ಜುತ್ತಾರಲ್ಲ, ಹಾಗೆ. ಮಗು ಹತ್ತನ್ನೂ ಕೈಯಲ್ಲಿ ಕುಲುಕಿ ಚೆಲ್ಲುತ್ತದೆ. ಬಿಳಿ ಎಷ್ಟು, ಕಪ್ಪು ಎಷ್ಟು ಎಂದು ಎಣಿಸಿ ಸ್ಲೇಟಿನಲ್ಲಿ 6, 4 ಎಂದು ಬರೆಯುತ್ತದೆ. ಮತ್ತೆ ಚೆಲ್ಲುತ್ತದೆ, 3, 7. ಎರಡೂ ಸೇರಿ ಹತ್ತಾಗದಿದ್ದರೆ ಎಣಿಕೆ ತಪ್ಪಿದೆ, ಇಲ್ಲವೇ ಒಂದು ಬೀಜ ಚಾಪೆಯ ಕೆಳಗೆ ಹೋಗಿದೆ. ತಪ್ಪು ಹೇಳಲು ನೀವು ಬೇಕಾಗಿಲ್ಲ, ಬೀಜಗಳೇ ಹೇಳುತ್ತವೆ.

ಜಗಳಕ್ಕೆ ಕಾರಣ ಬಹುತೇಕ ಸಾಮಗ್ರಿಯ ಕೊರತೆ. ಆರು ಮಕ್ಕಳ ನಡುವೆ ಒಂದೇ ಡಬ್ಬಿ ಇಟ್ಟರೆ ಎಳೆದಾಟ ಖಂಡಿತ. ಇಬ್ಬರಿಗೊಂದರಂತೆ ಮೂಲೆಗೆ ಮೂರು ಡಬ್ಬಿ ಇಡಿ. ಒಂದು ಸರದಿಗೆ 15 ನಿಮಿಷ, ದಿನಕ್ಕೆ ಎರಡೇ ಸರದಿ. ಎರಡು ದಿನದಲ್ಲಿ ಎಲ್ಲರೂ ನಾಲ್ಕೂ ಮೂಲೆ ಮುಟ್ಟುತ್ತಾರೆ, ನೀವೂ ಎಲ್ಲರ ಎದುರು ಒಮ್ಮೆ ಕೂತಿರುತ್ತೀರಿ. ಶುರುವಿನ ಎರಡು ವಾರ ಮಾತ್ರ ಯಾವ ಚಾಪೆಯಲ್ಲೂ ಕೂರದೆ ಓಡಾಡುತ್ತಿರಿ. ಡಬ್ಬಿ ತರುವುದು, ಬೀಜ ಎಣಿಸಿ ಮುಚ್ಚಿಡುವುದು, ಚಪ್ಪಾಳೆ ಕೇಳಿದರೆ ಜಾಗ ಬದಲಿಸುವುದು, ಇವೇ ಆ ಎರಡು ವಾರದ ಪಾಠ. ಇದನ್ನು ಬಿಟ್ಟು ಮೊದಲ ದಿನವೇ ನಾಲ್ಕು ಮೂಲೆ ತೆರೆದ ಕಡೆಯೆಲ್ಲ ಗದ್ದಲವಾಗುತ್ತದೆ.

ಪ್ರಶ್ನೆ: ಹುಷಾರಿರುವ ಮಕ್ಕಳನ್ನು ಒಂದು ಗುಂಪು, ಹಿಂದುಳಿದವರನ್ನು ಇನ್ನೊಂದು ಗುಂಪು ಮಾಡಬಹುದೇ?
– ಶಿಕ್ಷಕರು, ಕೊಪ್ಪಳ ಜಿಲ್ಲೆ

ಉತ್ತರ: ವರ್ಷವಿಡೀ ಅದೇ ಗುಂಪಾದರೆ ಮಗುವಿನ ಹಣೆಗೆ ಚೀಟಿ ಅಂಟಿಸಿದಂತೆ, ಅದು ಬೇಡವೇ ಬೇಡ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಲ್ಲಿ ಗುಂಪಾಗುವುದು ಮಗುವಿಗೆ ಈಗ ಯಾರ ನೆರವು ಎಷ್ಟು ಬೇಕು ಎಂಬುದರ ಮೇಲೆ: ಶಿಕ್ಷಕರ ಪೂರ್ಣ ನೆರವು, ಭಾಗಶಃ ನೆರವು, ಸಹಪಾಠಿಗಳ ಪೂರ್ಣ ನೆರವು, ಭಾಗಶಃ ನೆರವು, ಸ್ವಕಲಿಕೆ. ಕಲಿಕಾ ಏಣಿಯಲ್ಲಿ (ಕಲಿಯಬೇಕಾದ್ದನ್ನು ಮೆಟ್ಟಿಲುಗಳಾಗಿ ಜೋಡಿಸಿದ ಪಟ್ಟಿ) ಮಗುವಿನ ಮೆಟ್ಟಿಲು ಬದಲಾದಂತೆ ತಟ್ಟೆಯೂ, ಅಂದರೆ ಅದು ಕೂರುವ ಗುಂಪೂ, ಬದಲಾಗುತ್ತದೆ. ಕನ್ನಡದಲ್ಲಿ ಒಂದನೇ ತಟ್ಟೆಯಲ್ಲಿರುವ ಹುಡುಗಿ ಗಣಿತದಲ್ಲಿ ಐದರಲ್ಲಿರಬಹುದು.

ನಿಮ್ಮಲ್ಲೂ ಎರಡು ವಾರಕ್ಕೊಮ್ಮೆ ಗುಂಪು ಬದಲಾಗಲಿ. ಪರೀಕ್ಷೆಯೇನೂ ಬೇಡ. 13 ಬೀಜ ಮುಂದಿಟ್ಟು ಎಣಿಸಲು ಹೇಳಿ. ಬಾಯಿ ಬೆರಳಿಗಿಂತ ಮುಂದೆ ಓಡುತ್ತಿದೆಯೇ? ಎಣಿಸಿ ಮುಗಿಸಿದ ಮೇಲೆ ‘ಒಟ್ಟು ಎಷ್ಟು?’ ಎಂದರೆ ಮತ್ತೆ ಒಂದರಿಂದ ಶುರು ಮಾಡುತ್ತದೆಯೇ? ಮೊದಲನೆಯವರಿಗೆ ಬೀಜವನ್ನು ಒಂದೊಂದಾಗಿ ಸರಿಸಿ ಎಣಿಸುವ ಅಭ್ಯಾಸ ಬೇಕು, ಎರಡನೆಯವರಿಗೆ ಕೊನೆಗೆ ಹೇಳಿದ ಸಂಖ್ಯೆಯೇ ಮೊತ್ತ ಎಂಬುದು ಇನ್ನೂ ಹೊಳೆದಿಲ್ಲ.

ಹದಿಮೂರರಲ್ಲೇ ಎಡವುವವರಿಗೆ ಮೊಟ್ಟೆಯ ಟ್ರೇ ಕೊಡಿ (ಕಲೆಯಾಗದ, ಒಣಗಿದ ಟ್ರೇ). 30 ಮೊಟ್ಟೆಯ ಟ್ರೇಯಲ್ಲಿ ಒಂದು ಕಡೆ 6, ಇನ್ನೊಂದು ಕಡೆ 5 ಗುಳಿ. ಆರರ ಕಡೆಯಿಂದ ಎರಡೆರಡು ಸಾಲಾಗಿ ಕತ್ತರಿಸಿದರೆ 10 ಗುಳಿಯ ಮೂರು ತುಂಡು ಸಿಗುತ್ತವೆ. ಒಂದು ತುಂಡು ತುಂಬಿದರೆ ‘ಹದಿ’, ಪಕ್ಕದ್ದರಲ್ಲಿ ‘ಮೂರು’. ಹದಿ ಎಂದರೆ ಹತ್ತು ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಅಕ್ಷರದ ಮೂಲೆಗೆ ಕಾರ್ಡು ಮಾಡಿದ್ದೇನೆ. ಮೂಲಾಕ್ಷರ ಬೇರೆ, ಕಾಗುಣಿತದ ಚಿಹ್ನೆ ಬೇರೆ. ಮಕ್ಕಳು ಜೋಡಿಸುತ್ತಾರೆ, ಆದರೆ ಪುಸ್ತಕದಲ್ಲಿ ಅದೇ ಅಕ್ಷರ ಗುರುತಿಸುವುದಿಲ್ಲ. ಏಕೆ?
– ಶಿಕ್ಷಕಿ, ಶಿವಮೊಗ್ಗ

ಉತ್ತರ: ‘ರ’ ಕಾರ್ಡಿನ ಪಕ್ಕ ಗುಡಿಸು ಇಟ್ಟರೆ ‘ರಿ’ ಆಗುವುದಿಲ್ಲ. ಇಳಿ, ಗುಡಿಸು, ಎತ್ವ ಬಂದಾಗ ತಲೆಕಟ್ಟು ಹೋಗಿ ಅಕ್ಷರದ ತಲೆಯೇ ಬದಲಾಗುತ್ತದೆ. ನಿಮ್ಮ ಕಾರ್ಡಿನಲ್ಲಿ ತಲೆಕಟ್ಟು ಹಾಗೇ ಉಳಿದು, ಪುಸ್ತಕದಲ್ಲಿ ಎಲ್ಲೂ ಇಲ್ಲದ ರೂಪವೊಂದು ಹುಟ್ಟುತ್ತಿದೆ. ಹಾಗಾಗಿ ರಾ, ರಿ, ರೆ ಇಡಿಯಾಗಿಯೇ ಬರೆದ ಕಾರ್ಡಾಗಲಿ. ಕೊಂಬು ಬಲಕ್ಕೆ ಬರುವುದರಿಂದ ಅದನ್ನು ಬೇರೆ ಕಾರ್ಡಾಗಿ ಇಟ್ಟುಕೊಳ್ಳಬಹುದು. ‘ಪು’, ‘ವು’ ಮಾತ್ರ ಇಡಿಯಾಗಿರಲಿ, ಅಲ್ಲಿ ಕೊಂಬು ಕೆಳಗಿನಿಂದ ಸೇರುತ್ತದೆ.

ಕಾಗುಣಿತಕ್ಕೆ ಅವಸರವೂ ಬೇಡ. ನಲಿ-ಕಲಿ ಶುರುವಾಗುವುದೇ ರ ಗ ಸ ದ ಅ ಎಂಬ ಐದರಿಂದ. ಒಂದೊಂದನ್ನೂ ಎರಡೆರಡು ಬರೆದು 10 ಕಾರ್ಡು ಕೊಡಿ: ಸರ, ದರ, ಅರಸ, ಅಗಸ, ಗರಗಸ. ಎರಡೆರಡು ಏಕೆಂದರೆ, ಒಂದೇ ಗ, ಒಂದೇ ಸ, ಒಂದೇ ರ ಇದ್ದರೆ ಗರಗಸವೂ ಆಗದು, ಸರಸರವೂ ಆಗದು.

ಪ್ರಶ್ನೆ: ನಮ್ಮ ಅಂಗನವಾಡಿಯಲ್ಲಿ ಮೂರು ವರ್ಷದವರಿಗೂ ನೋಟ್‌ಬುಕ್ಕಿನಲ್ಲಿ ಬರೆಸಿ ಎಂದು ತಾಯಂದಿರ ಒತ್ತಾಯ. ಏನು ಮಾಡಲಿ?
– ಕಾರ್ಯಕರ್ತೆ, ಮಂಡ್ಯ ಜಿಲ್ಲೆ

ಉತ್ತರ: ಆ ವಯಸ್ಸಿನ ಬೆರಳಿಗೆ ಪೆನ್ಸಿಲ್ ಹಿಡಿಯುವ ಶಕ್ತಿ ಬಂದಿರುವುದಿಲ್ಲ. ತಟ್ಟೆಯಲ್ಲಿ ರಾಗಿ ತೆಳ್ಳಗೆ ಹರಡಿ ಬೆರಳಲ್ಲಿ ಗೀರಲು ಬಿಡಿ. ನೆಲದ ಮೇಲೆ ಚುಕ್ಕಿಯಿಂದ ಚುಕ್ಕಿಗೆ ಸೀಮೆಸುಣ್ಣದ ಗೆರೆ ಎಳೆಸಿ, ಕಾಗದ ಹರಿದು ಅಂಟಿಸಲು ಕೊಡಿ. ತಾಯಂದಿರನ್ನು ಒಮ್ಮೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ, ಮಗುವಿನ ಕೈ ಅಲ್ಲಿ ಏನು ಕಲಿಯುತ್ತಿದೆ ಎಂದು ಅವರಿಗೇ ಕಾಣುತ್ತದೆ. ಎಣಿಕೆಗೆ ನಾಲ್ಕು ತಟ್ಟೆ ಇಟ್ಟು, ತಟ್ಟೆಗೊಂದು ಚಮಚ ಹಾಕಿಸಿದರೆ ಸಾಕು. ಮೂಲೆಗೆ ಮೂರ್ನಾಲ್ಕು ಮಕ್ಕಳು, ಹತ್ತು ನಿಮಿಷ. ಹುಣಸೆ ಬೀಜ, ಕಡಲೆಕಾಳು ಇಲ್ಲಿ ಬೇಡ, ಮೂಗಿಗೋ ಬಾಯಿಗೋ ಹೋಗುತ್ತವೆ. ಬದಲಿಗೆ ನಯವಾಗಿ ಉಜ್ಜಿದ ತೆಂಗಿನ ಚಿಪ್ಪು ಇಡಿ.