ಕೆರೆ ಗಾಳ ಕಡಲಿಗೆ ಹೋದಾಗ

ಪ್ರಶ್ನೆ: ನಮಸ್ಕಾರ ಸಾರ್. ನಮ್ಮೂರು ಗುಬ್ಬಿ ಹತ್ತಿರ. ಚಿಕ್ಕಂದಿನಿಂದ ಕೆರೆಯಲ್ಲಿ ಗಾಳ ಹಾಕಿದವನು. ಮನೆಯವಳಿಗೆ ಕುಂದಾಪುರಕ್ಕೆ ವರ್ಗವಾಗಿ ಈಗ ಅಲ್ಲೇ ಇದ್ದೇವೆ. ಕೋಡಿ ಬೀಚಿನಲ್ಲಿ ಎರೆಹುಳು ಚುಚ್ಚಿ, ಬೆಂಡು ಕಟ್ಟಿ ಭಾನುವಾರವೆಲ್ಲ ಕೂತರೂ ಒಂದು ಮೀನಿಲ್ಲ. 14 ಅಡಿ ರಾಡ್ ತಗೊಂಡರೆ ದೂರ ಎಸೆಯಬಹುದು ಅಂತಾರೆ ಅಂಗಡಿಯವರು. ತಗೊಳ್ಳಲಾ?

ಉತ್ತರ: ಬೇಡ. ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ. ನಾನೂ ಕುಣಿಗಲ್ ಕಡೆಯವನೇ. ಕೆಲಸದ ಮೇಲೆ ಗಂಗೊಳ್ಳಿಯಲ್ಲಿ ವರ್ಷಗಟ್ಟಲೆ ಇದ್ದು ಬಂದವನು. ನಮ್ಮ ಬಯಲುಸೀಮೆಯವರಿಗೆ ಕಡಲು ಕಂಡ ಕೂಡಲೇ ದೂರ ಎಸೆಯುವ ಆಸೆ. ಅಷ್ಟು ನೀರಿದೆಯಲ್ಲ, ಮೀನೂ ಅಲ್ಲೆಲ್ಲೋ ಇರಬೇಕು ಅಂತ. ಹಾಗೇನಿಲ್ಲ. ಕಾನೆಯಂಥ ಮೀನು ಅಲೆ ಮರಳು ಕಲಕುವ ಜಾಗದಲ್ಲೇ, ಸೊಂಟದುದ್ದ ನೀರಲ್ಲಿ, ಹುಳು ಸಿಗಡಿ ಹೆಕ್ಕುತ್ತಿರುತ್ತದೆ. ಉದ್ದದ ರಾಡ್ ನಿಮ್ಮ ಗಾಳವನ್ನು ಅದರ ತಲೆ ಮೇಲಿಂದ ದಾಟಿಸಿ ಆಚೆಗೆ ಬೀಳಿಸುತ್ತದೆ, ಅಷ್ಟೆ.

ನಿಮಗೆ ಅಡ್ಡ ಬಂದಿರುವುದು ಹೊತ್ತು. ಬುಗುಡನಹಳ್ಳಿ ಕೆರೆಯಾಗಲಿ, ಮಾರ್ಕೋನಹಳ್ಳಿ ಜಲಾಶಯವಾಗಲಿ, ಬೆಳಗ್ಗೆ ಕಂಡ ನೀರು ಸಂಜೆಗೂ ಅಲ್ಲೇ ಇರುತ್ತದೆ. ಕಡಲು ಹಾಗಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು 6 ಗಂಟೆ. ಇದು ದಿನಾ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಇವತ್ತು 7ಕ್ಕೆ ಪೂರ್ತಿ ಇಳಿದಿದ್ದರೆ ನಾಳೆ 8ರ ಹತ್ತಿರಕ್ಕೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಜಾಸ್ತಿ, ಅಷ್ಟಮಿಯ ಆಸುಪಾಸು ಕಮ್ಮಿ. ಮನೆಯ ಕ್ಯಾಲೆಂಡರಿನಲ್ಲೇ ತಿಥಿ ಇರುತ್ತದಲ್ಲ, ಅದನ್ನೇ ನೋಡಿಕೊಳ್ಳಿ. ನೀರು ಹರಿಯುವಾಗ ಮೀನು ಮೇಯುತ್ತದೆ. ಪೂರ್ತಿ ತುಂಬಿ ಅಥವಾ ಪೂರ್ತಿ ಇಳಿದು ನಿಂತಾಗ ಬಾಯಿ ಕಟ್ಟಿದ ಹಾಗೆ ಸುಮ್ಮನಿರುತ್ತದೆ. ಭಾನುವಾರವೆಲ್ಲ ಕೂತೆ ಅಂದಿರಿ. ಭರತ ಶುರುವಾದ ಮೇಲಿನ ಎರಡು ಗಂಟೆ, ಅದೂ ನಸುಕಿಗೋ ಮುಸ್ಸಂಜೆಗೋ ಕೂಡಿ ಬಂದರೆ, ಅಷ್ಟೇ ಸಾಕು.

ಮೊದಲು ಒಂದು ದಿನ ಇಳಿತದ ಹೊತ್ತಿಗೆ ಬರಿಗೈಲಿ ಹೋಗಿ. ಮರಳೆಲ್ಲ ಬಿಚ್ಚಿಕೊಂಡಿರುತ್ತದೆ. ಎಲ್ಲಿ ಗುಂಡಿ, ಎಲ್ಲಿ ದಿಬ್ಬ, ಎಲ್ಲಿ ಕಾಲುವೆಯಂಥ ತಗ್ಗು ದಡದುದ್ದಕ್ಕೂ ಓಡಿದೆ, ನೋಡಿಕೊಳ್ಳಿ. ಗುರುತಿಗೆ ಹಿಂದಿನ ತೆಂಗಿನಮರವನ್ನೋ ಮನೆಯನ್ನೋ ಇಟ್ಟುಕೊಳ್ಳಿ. ನೀರು ಏರಿದಾಗ ಆ ತಗ್ಗಿನಲ್ಲೇ ಮೀನು ಓಡಾಡುವುದು. ಅಲೆ ಒಡೆಯದೆ ನೀರು ಕಪ್ಪಗೆ ಕಂಡರೆ ಅಲ್ಲಿ ಆಳ ಅಂತ ತಿಳಿಯಿರಿ. ಆದರೆ ಸೆಳೆತವೂ ಅಂಥಲ್ಲೇ ಇರುತ್ತದೆ. ಗಾಳ ಇಳಿಸಿ, ನೀವು ಇಳಿಯಬೇಡಿ.

ಎರೆಹುಳು ಬಿಟ್ಟುಬಿಡಿ. ಉಪ್ಪುನೀರಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಜೋತು ಬೀಳುತ್ತದೆ. ಮೀನು ಮಾರುವ ಅಮ್ಮನ ಹತ್ತಿರ ಒಂದು ಹಿಡಿ ಹಸಿ ಚಟ್ಲಿ, ಅಂದರೆ ಸಿಗಡಿ, ಕೇಳಿ ತಗೊಳ್ಳಿ. ಬೂತಾಯಿ ಮೀನಿನ ಚೂರೂ ಆಗುತ್ತದೆ, ವಾಸನೆಗೆ ಮೀನು ಬೇಗ ಬರುತ್ತದೆ. ಆದರೆ ಮೆತ್ತಗಿರುವುದರಿಂದ ಅಲೆಗೆ ಕಳಚಿ ಹೋಗುತ್ತದೆ, ದಾರ ಸುತ್ತಿ ಕಟ್ಟಬೇಕು. ಬೊಂಡಾಸ್, ಅಂದರೆ ಸ್ಕ್ವಿಡ್, ಗಟ್ಟಿ, ಏಡಿ ಕಿತ್ತರೂ ಬೇಗ ಬಿಡುವುದಿಲ್ಲ.

ಬೆಂಡೂ ಬೇಡ. ಅಲೆ ಅದನ್ನು ಕ್ಷಣದಲ್ಲಿ ದಡಕ್ಕೆ ತಂದು ಹಾಕುತ್ತದೆ. ತೂತಿರುವ ಸೀಸದ ಗುಂಡು, 40ರಿಂದ 60 ಗ್ರಾಂ ಇದ್ದರೆ ಸಾಕು. ತಂಗೂಸಿಯನ್ನು, ಅಂದರೆ ನೈಲಾನ್ ದಾರವನ್ನು, ಅದರೊಳಗೆ ಹಾಯಿಸಿ, ಕೆಳಗೆ ಸ್ವಿವೆಲ್ (ತಿರುಗುವ ಲೋಹದ ಕೊಂಡಿ) ಕಟ್ಟಿ, ಅಲ್ಲಿಂದ ಒಂದೂವರೆ ಅಡಿಗೆ ಗಾಳ. ಮೀನು ಎಳೆದಾಗ ದಾರ ಗುಂಡಿನೊಳಗೆ ಜಾರುತ್ತದೆ, ಭಾರ ಅದಕ್ಕೆ ಗೊತ್ತಾಗುವುದಿಲ್ಲ. ಕಾನೆಯ ಬಾಯಿ ಚಿಕ್ಕದು, 8ನೇ ನಂಬರ್ ಗಾಳ ಹಾಕಿ. ರಾಡ್ 9–10 ಅಡಿ ಇದ್ದರೆ ಧಾರಾಳ.

ಕೆಂಬೇರಿ, ಅಂದರೆ ರೆಡ್ ಸ್ನ್ಯಾಪರ್ ಮೀನು, ಬೇಕೆಂದರೆ ಪಂಚಗಂಗಾವಳಿ ಹೊಳೆ ಕಡಲು ಸೇರುವ ಅಳಿವೆ ಕಡೆ ಹೋಗಿ. ಇಳಿತದಲ್ಲಿ ಹೊಳೆಯಿಂದ ಚಟ್ಲಿ, ಸಣ್ಣ ಮೀನು ಹರಿದು ಬರುತ್ತವೆ, ದೊಡ್ಡವು ಬಾಯಿ ತೆರೆದು ಕಾಯುತ್ತಿರುತ್ತವೆ. ಕೆಂಬೇರಿ ಕಚ್ಚಿದ ತಕ್ಷಣ ಕಲ್ಲಿನ ಸಂದಿಗೆ ನುಗ್ಗುತ್ತದೆ. ದಾರ ದಪ್ಪ ಇರಲಿ, ಯೋಚಿಸುತ್ತಾ ನಿಲ್ಲಬೇಡಿ, ಎಳೆಯಿರಿ. ಕಲ್ಲಿನ ಮೇಲೆ ಪಾಚಿ ಇರುತ್ತದೆ, ಒಬ್ಬರೇ ಹೋಗಬೇಡಿ. ಮಳೆಗಾಲದಲ್ಲಂತೂ ಆ ಕಡೆ ತಲೆಯೇ ಹಾಕಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ನಿಷೇಧ. ಅದು ನಿಮ್ಮ ಗಾಳಕ್ಕೆ ಅನ್ವಯಿಸುವುದಿಲ್ಲ ನಿಜ. ಅಲೆಗೆ ಅದು ಗೊತ್ತಿಲ್ಲವಲ್ಲ.

ಕೊನೆಗೆ, ಕೆರೆ ಮೀನು ಹಿಡಿದ ಕೈಗೆ ಇದು ಹೊಸದು: ಸಿಕ್ಕಿದ್ದನ್ನೆಲ್ಲ ಮುಟ್ಟಬೇಡಿ. ತೊರಕೆ ಎಂಬ ಚಪ್ಪಟೆ ಮೀನಿನ ಬಾಲದಲ್ಲಿ ವಿಷದ ಮುಳ್ಳಿದೆ. ಮೀಸೆ ಇರುವ ಕಡಲ ಮೀನಿನ ರೆಕ್ಕೆಯಲ್ಲೂ ಮುಳ್ಳಿದೆ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿನೀರಿನಲ್ಲಿ ಅದ್ದಿ, ಆಮೇಲೆ ಆಸ್ಪತ್ರೆಗೆ ನಡೆಯಿರಿ. ಹೊಟ್ಟೆ ಚೆಂಡಿನಂತೆ ಉಬ್ಬಿಸಿಕೊಳ್ಳುವ ಮೀನು ಬಂದರೆ ವಾಪಸ್ ಬಿಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ಪ್ರಶ್ನೆ: ಸಮುದ್ರದ ಮೀನಿನ ಮರಿ ತಂದು ನಮ್ಮೂರ ಕೆರೆಗೆ ಬಿಟ್ಟರೆ ಬದುಕುತ್ತವಾ ಸಾರ್? (ಶಿರಾ)

ಉತ್ತರ: ಬಹುಪಾಲು ಸಾಯುತ್ತವೆ. ಕಡಲಿನ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅವುಗಳ ಮೈ ಅದಕ್ಕೇ ಒಗ್ಗಿದೆ, ಸಿಹಿನೀರಿಗೆ ಬಿಟ್ಟರೆ ನೀರು ಮೈಯೊಳಗೆ ನುಗ್ಗುತ್ತದೆ. ಹೂಮೀನು (ಮಿಲ್ಕ್‌ಫಿಶ್), ಸೀಬಾಸ್ ಮೀನುಗಳು ಉಪ್ಪುನೀರು, ಸಿಹಿನೀರು ಎರಡೂ ಕಡೆ ಬದುಕಬಲ್ಲವು. ಆದರೆ ಸೀಬಾಸ್ ಸಣ್ಣ ಮೀನನ್ನೇ ತಿಂದು ಬೆಳೆಯುವಂಥದ್ದು. ಕೆರೆ ಗುತ್ತಿಗೆ ಹಿಡಿದವರು ಬಿಟ್ಟ ಕಾಟ್ಲಾ ಮರಿಗಳನ್ನೆಲ್ಲ ಅದು ನುಂಗಿದ ಮೇಲೆ ಅವರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೇ.

ಪ್ರಶ್ನೆ: ಮಲ್ಪೆಗೆ ಒಯ್ದಿದ್ದ ರೀಲ್ ಈಗ ಕರಕರ ಅನ್ನುತ್ತಿದೆ. ಏನು ಮಾಡಲಿ? (ತಿಪಟೂರು)

ಉತ್ತರ: ಉಪ್ಪು ಕೂತಿದೆ. ನಲ್ಲಿಯನ್ನು ಸಣ್ಣಗೆ ಬಿಟ್ಟು ತೊಳೆದು, ನೆರಳಲ್ಲಿ ಒಣಗಿಸಿ, ರೀಲ್ ಎಣ್ಣೆ ಒಂದೆರಡು ಹನಿ ಹಾಕಿ. ತೆಂಗಿನೆಣ್ಣೆ ಬೇಡ, ನಿಮ್ಮೂರಲ್ಲಿ ಎಷ್ಟೇ ಸಿಕ್ಕರೂ. ಆಮೇಲೂ ಕರಕರ ಅಂದರೆ ಬೇರಿಂಗ್ ತುಕ್ಕು ಹಿಡಿದಿದೆ, ಬದಲಿಸಬೇಕು.